ಕಾಮಗಾರಿ ಸಂಖ್ಯೆ ಹೇಳಿ, ಆಮೇಲೆ ಜಗಳ: ಪಂಚಾಯಿತಿ ಲೆಕ್ಕ ತೆರೆದಿಟ್ಟ ನನ್ನ ಅನುಭವ

ಕೊನೆಗೂ ಕೆಲಸ ಆಯಿತು. ನಮ್ಮೂರಿನ ಒಂದು ಬೀದಿಯಲ್ಲಿ ಬಿಟ್ಟುಹೋಗಿದ್ದ 23 ಮೀಟರ್ ಸಿಸಿ ರಸ್ತೆಯನ್ನು ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ಹಾಕಿಕೊಟ್ಟರು. ದಪ್ಪ ಕಡಿಮೆ ಮಾಡಿದ್ದಕ್ಕೆ ಪಂಚಾಯಿತಿಯವರು ಅವರ ಮುಂದಿನ ಬಿಲ್ಲಿನಲ್ಲಿ ದುಡ್ಡು ಮುರಿದುಕೊಂಡರು. ಅದಕ್ಕಿಂತ ದೊಡ್ಡ ಖುಷಿ ಇನ್ನೊಂದಿದೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಈಗ ಯಾರಾದರೂ "ನಿಮ್ಮ ಕಡೆಯವರೇ ತಿಂದಿದ್ದು" ಅಂತ ಶುರು ಮಾಡಿದರೆ ಸಾಕು, ಇನ್ನೊಬ್ಬರು "ಕಾಮಗಾರಿ ಸಂಖ್ಯೆ ಹೇಳಿ" ಅಂತಾರೆ. ಸಂಖ್ಯೆ ಬಂದರೆ ಮಾತು ಮುಂದೆ ಹೋಗುತ್ತೆ. ಬರದಿದ್ದರೆ ಅಲ್ಲಿಗೇ ನಿಲ್ಲುತ್ತೆ.

ಮೂರು ವರ್ಷದ ಹಿಂದೆ ನಾನು ಪಂಚಾಯಿತಿ ಕಾಮಗಾರಿಗಳ ದಾಖಲೆ ತರಿಸಿ ಲೆಕ್ಕವನ್ನು ಎಲ್ಲರಿಗೂ ತೆರೆದಿಡೋಣ ಅಂತ ಹೇಳಿದಾಗ ಒಪ್ಪಿದವರು ಇಲ್ಲವೇ ಇಲ್ಲ ಅನ್ನಬಹುದು. ಹೋರಾಟದವರು "ಸುಮ್ನೆ ಧರಣಿ ಕೂರೋಣ" ಅಂದರು. ಕಂಪ್ಯೂಟರ್ ಗೆಳೆಯರು "ಹಳ್ಳಿಯಲ್ಲಿ ಸಿಎಸ್‌ವಿ (ಕೋಷ್ಟಕದ) ಫೈಲ್ ಯಾರು ತೆಗೆದು ನೋಡ್ತಾರೆ" ಅಂದರು. ಇಬ್ಬರ ಮಾತೂ ಸುಳ್ಳಾಯಿತು. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ ಗೊತ್ತಿರುವವರಿಗೆ, ಲಿನಕ್ಸ್ ಬಳಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅವುಗಳ ಪಾಠ ಇಲ್ಲಿಲ್ಲ.

ನನ್ನ ಕಸುಬು ಡಿಟಿಪಿ. ಲಗ್ನಪತ್ರಿಕೆ, ಕರಪತ್ರ, ಚುನಾವಣೆ ಬಂದರೆ ಎಲ್ಲ ಪಕ್ಷದವರ ಪೋಸ್ಟರು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೆ ಯಾರು ಯಾವ ಕಡೆ ಅನ್ನೋದು ಊರಿಗೆಲ್ಲ ಗೊತ್ತು. ಆ ಪೋಸ್ಟರುಗಳನ್ನೆಲ್ಲ ನಾನೇ ಮಾಡಿಕೊಟ್ಟಿದ್ದರಿಂದ ನನ್ನನ್ನು ಒಂದೇ ಕಡೆಗೆ ತಳ್ಳೋದು ಯಾರಿಗೂ ಸುಲಭ ಆಗಲಿಲ್ಲ.

ಮೊದಲ ವರ್ಷವೆಲ್ಲ ಕಾಗದ ತರಿಸುವುದರಲ್ಲೇ ಹೋಯಿತು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಎಲ್ಲ ಕಾಮಗಾರಿಗಳ ಎಲ್ಲ ದಾಖಲೆ" ಅಂತ ಕೇಳಿದರೆ ವಾಪಸ್ ಬರೋದು ಖಾತ್ರಿ. ಸಾಫ್ಟ್ ಕಾಪಿ ಕೇಳಿದರೆ, ಕೇಳಿದ ರೂಪದಲ್ಲೇ ಕೊಡುವುದು ಹೊರೆ ಅಂತ ಕಾಯ್ದೆಯ 7(9)ನೇ ಕಲಂ ತೋರಿಸಿ ಝೆರಾಕ್ಸ್ ಕೊಟ್ಟರು. ಅದೂ ಝೆರಾಕ್ಸಿನ ಝೆರಾಕ್ಸು, ಅಂಚಿನ ಕಾಲಂ ಕತ್ತರಿಸಿಹೋಗಿತ್ತು. ಹಾಗೆ ಕತ್ತರಿಸಿಹೋದ ಕಾಲಂ ಯಾವಾಗಲೂ ಮೊತ್ತದ ಕಾಲಂ ಆಗಿರೋದು. ನಾನು ಒಂದೊಂದು ಕಾಮಗಾರಿಗೂ ಬೇರೆ ಬೇರೆ ಅರ್ಜಿ ಹಾಕತೊಡಗಿದೆ: ಅಂದಾಜು ಪಟ್ಟಿ, ಎಂ.ಬಿ. (ಇಂಜಿನಿಯರ್ ಅಳತೆ ಬರೆಯುವ ಪುಸ್ತಕ) ಪುಟ, ಬಿಲ್ಲು, ಇಷ್ಟೇ. ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. 30 ದಿನ ದಾಟಿದರೆ 7(6)ರ ಪ್ರಕಾರ ಪುಟದ ದುಡ್ಡೂ ಇಲ್ಲ. ಅವರು ತಡ ಮಾಡಿದಷ್ಟೂ ನನಗೆ ಉಳಿತಾಯ. ಅರ್ಧದಷ್ಟು ಕಾಗದ ನನಗೆ ಹಾಗೆ ಬಿಟ್ಟಿ ಸಿಕ್ಕಿದ್ದು.

ಅರ್ಜಿಯ ಒಕ್ಕಣೆಯಲ್ಲಿ ಒಂದು ಸಾಲು ಇದೆ. ಅದನ್ನು ಸೇರಿಸಿದ ಮೇಲೆ ಎಂ.ಬಿ. ಪುಟ ಒಂದೂ ತಪ್ಪಿಲ್ಲ. ಆ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದಕ್ಕೂ ಒಂದು ಸಿದ್ಧ ಉತ್ತರ ಹುಟ್ಟಿಕೊಳ್ಳುತ್ತೆ. ಇದೇ ಕೆಲಸ ಮಾಡುವವರು ಎದುರು ಸಿಕ್ಕಾಗ ಕೇಳಿ, ಹೇಳುತ್ತೇನೆ.

ಎರಡನೇ ತಲೆನೋವು ಅಕ್ಷರದ್ದು. ಪಂಚಾಯಿತಿಯ ಕಂಪ್ಯೂಟರಿನಲ್ಲಿ ಮಾಡಿದ ಪಿಡಿಎಫ್ ಕೆಲವು ಸಿಕ್ಕವು. ಹಳೇ ನುಡಿ ಫಾಂಟಿನವು. ಪರದೆ ಮೇಲೆ ಕನ್ನಡ ಕಾಣುತ್ತೆ, ಕಾಪಿ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಗುರುತುಗಳು. ಕಣ್ಣಿಗೆ 'ನ' ಅಂತ ಕಾಣೋದರ ಹಿಂದೆ ಕೂತಿರೋದು ಪೌಂಡ್ ಗುರುತು. ಡಿಟಿಪಿಯವನಿಗೆ ಇದು ದಿನದ ಗೋಳು, ಹಾಗಾಗಿ ನಾನು ಹೆದರಲಿಲ್ಲ. ಇಂಥ ಹಳೇ ಆಸ್ಕಿ ಅಕ್ಷರದಿಂದ, ಎಲ್ಲ ಕಡೆ ಹುಡುಕಲು ಬರುವ ಯೂನಿಕೋಡಿಗೆ ತರುವ ಮುಕ್ತ ತಂತ್ರಾಂಶಗಳು ಕನ್ನಡದಲ್ಲಿ ಇವೆ. ಅರವಿಂದ ವಿ.ಕೆ. ಅವರು ಬರೆದ ಕೋಡ್ ಎಷ್ಟೋ ಜನಕ್ಕೆ ಆಧಾರ. ಅಂಥ ಕೋಡ್ ಕೈಗೆ ಸಿಕ್ಕಿದ್ದರಿಂದಲೇ ನಾನು ಶುರು ಮಾಡಲು ಆಗಿದ್ದು. ನಾನೂ ನನ್ನ ಅಗತ್ಯಕ್ಕೆ ಒಂದು ಚಿಕ್ಕ ಸ್ಕ್ರಿಪ್ಟ್ ಹೊಂದಿಸಿಕೊಂಡೆ.

ಅದರಲ್ಲಿ ಸಿಕ್ಕಿಹಾಕಿಕೊಂಡಿದ್ದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ 'ರ್' ಮೊದಲೇ ಬರಬೇಕು. ಸ್ಥಾನ ಸರಿಪಡಿಸದಿದ್ದರೆ 'ಖರ್ಚು' ಹೋಗಿ 'ಖಚುರ್' ಆಗುತ್ತೆ. ಲೆಕ್ಕದ ಕಡತದಲ್ಲಿ 'ಖರ್ಚು' ಅಂತ ಹುಡುಕಿದರೆ ಏನೂ ಸಿಗದ ಮೇಲೆ ಆ ಕಡತ ಇದ್ದೂ ಇಲ್ಲದ ಹಾಗೆ. 'ವರ್ಷ', 'ದುರಸ್ತಿ ಕಾರ್ಯ' ಎಲ್ಲ ಹಾಗೇ. ನಾಲ್ಕು ವಾರವೋ ಐದು ವಾರವೋ ಇದೊಂದರ ಹಿಂದೆ ಬಿದ್ದೆ. ಈಗ ನನ್ನ ಸ್ಕ್ರಿಪ್ಟ್ ಒತ್ತಕ್ಷರದ ಮೇಲೆ ಬಂದ ಅರ್ಕಾವತ್ತನ್ನೂ ಸರಿಯಾದ ಜಾಗದಲ್ಲಿ ಕೂರಿಸುತ್ತೆ. ನಾನು ಹೋಲಿಸಿ ನೋಡಿದವುಗಳಲ್ಲಿ ಇಷ್ಟು ಚೆನ್ನಾಗಿ ಮಾಡುವುದು ಬೇರೆ ಕಾಣಲಿಲ್ಲ.

ಝೆರಾಕ್ಸ್ ಪುಟಗಳಿಗೆ, ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶ ಹಾಕಿದೆ. ಮುದ್ರಿತ ಕನ್ನಡಕ್ಕೆ ಪರವಾಗಿಲ್ಲ. ಅಂಕಿ ಬಂದರೆ ಕಷ್ಟ. ಕನ್ನಡದ ಸೊನ್ನೆ ಮತ್ತು ಅನುಸ್ವಾರ ನೋಡೋಕೆ ಒಂದೇ, ಅದು ಎರಡನ್ನೂ ಕಲಸಿಬಿಡುತ್ತೆ. 50,000 ಇರಬೇಕಾದ ಕಡೆ 5,000 ಬಂದರೆ ನಮ್ಮ ಇಡೀ ವಾದ ಬಿದ್ದುಹೋಯಿತು ಅಂತಲೇ ಲೆಕ್ಕ. ಎಂ.ಬಿ. ಪುಟವಂತೂ ಕೈಬರಹ, ಅದಕ್ಕೆ ಯಾವ ಯಂತ್ರವೂ ನನಗೆ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಕಾಲೇಜಿನ ಇಬ್ಬರು ಹುಡುಗಿಯರಿಗೆ ಪುಟಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ಟೈಪ್ ಮಾಡಿಸಿದೆ. ಒಂದೇ ಪುಟವನ್ನು ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಕೂತು ಟೈಪ್ ಮಾಡಬೇಕು, ಒಬ್ಬರದು ಇನ್ನೊಬ್ಬರು ನೋಡಬಾರದು. ಎರಡೂ ಫೈಲ್ ಹೋಲಿಸಿ, ವ್ಯತ್ಯಾಸ ಬಂದ ಸಾಲು ಮಾತ್ರ ನಾನು ಮೂಲ ಪುಟ ನೋಡಿ ತೀರ್ಮಾನ ಮಾಡುತ್ತಿದ್ದೆ. ಬಹಳ ಹಳೇ ಪದ್ಧತಿ, ಆದರೆ ಇವತ್ತಿನ ತನಕ ಒಂದು ಅಂಕಿಯನ್ನೂ ಯಾರೂ ತಪ್ಪು ಅಂತ ತೋರಿಸಿಲ್ಲ.

ಮಧ್ಯೆ ಒಂದು ಪ್ರಯೋಗ. ಗ್ರಾಮಸಭೆಯ ಮಾತನ್ನು ರೆಕಾರ್ಡ್ ಮಾಡಿ ವಿಸ್ಪರ್‌ಗೆ ಹಾಕಿ ಬರಹ ಮಾಡಿಸೋಣ ಅಂತ ನೋಡಿದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಗಂಟೆ ಮಾತಿಗೆ ರಾತ್ರಿಯೆಲ್ಲ ಬೇಕಾಯಿತು. ನಮ್ಮ ಕಡೆ ಮಾತಿನ ಧಾಟಿ ಅದಕ್ಕೆ ಹಿಡಿಯಲೇ ಇಲ್ಲ. ಮೈಕಿನ ಶಬ್ದ, ಮಧ್ಯೆ ಮಕ್ಕಳ ಗಲಾಟೆ ಬೇರೆ. ಬಿಟ್ಟೆ. ಸಭಾ ನಡವಳಿಯ ನಕಲು ತೆಗೆದುಕೊಳ್ಳೋದೇ ಲೇಸು.

ಇನ್ನೊಂದು ಪ್ರಯೋಗ ಮಾತ್ರ ಚಿನ್ನದಂಥದ್ದು. ಯಾರು ಬೇಕಾದರೂ ಬರೆದು ತುಂಬಬಹುದಾದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನಮ್ಮೂರು ಒಂದು ಚುಕ್ಕಿ, ಒಂದು ಗೆರೆ ಅಷ್ಟೇ ಇತ್ತು. ಬೀದಿ ಬೀದಿ ನಾನೇ ಬರೆದೆ. ಆಮೇಲೆ ನಕ್ಷೆ ಅಳೆಯಲು ಬರುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಪ್ರತಿ ಬೀದಿಯ ಉದ್ದ ತೆಗೆದು, ಎಂ.ಬಿ.ಯಲ್ಲಿ ಬರೆದ ಉದ್ದದ ಪಕ್ಕ ಇಟ್ಟೆ. ನಕ್ಷೆಯ ಅಳತೆ ಎರಡು ಮೂರು ಮೀಟರ್ ಆಚೀಚೆ ಆಗಬಹುದು, ಇಪ್ಪತ್ತು ಮೀಟರ್ ಆಗಲ್ಲ ಅಲ್ವಾ? ಸುಮಾರು 140 ಕಾಮಗಾರಿಗಳಲ್ಲಿ ತೊಂಬತ್ತಕ್ಕೆ ಹೀಗೆ ಹೋಲಿಕೆ ಸಾಧ್ಯವಾಯಿತು. ಹತ್ತು ಹನ್ನೆರಡು ಕಡೆ ಬೀದಿಗಿಂತ ರಸ್ತೆಯೇ ಉದ್ದ ಇತ್ತು! ಸ್ಥಳಕ್ಕೆ ಹೋಗಿ ಟೇಪ್ ಹಿಡಿಯಬೇಕಾದ ಕಡೆ ಯಾವುದು ಅಂತ ಕೂತಲ್ಲೇ ಗೊತ್ತಾಯಿತು.

ನಾನು ಮೊದಲು ಹೇಳಿದ ಬೀದಿ ಅವುಗಳಲ್ಲಿ ಒಂದು. ಅದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದೇ ಬೀದಿಯನ್ನು ಮೂರು ತುಂಡು ಮಾಡಿದ್ದರು. ಪ್ರತಿ ತುಂಡೂ 4 ಲಕ್ಷ 90 ಸಾವಿರದ ಆಸುಪಾಸು. ಯಾಕೆ ಅಂತ ನಿಮಗೆ ಗೊತ್ತೇ ಇದೆ. ಕೆಟಿಪಿಪಿ ಕಾಯ್ದೆಯಲ್ಲಿ (ಸರ್ಕಾರಿ ಖರೀದಿ, ಟೆಂಡರುಗಳ ರಾಜ್ಯ ಕಾಯ್ದೆ) 5 ಲಕ್ಷದ ಒಳಗಿನ ನಿರ್ಮಾಣ ಕಾಮಗಾರಿಗೆ ಟೆಂಡರಿನಿಂದ ವಿನಾಯಿತಿ. ಮಧ್ಯದ ತುಂಡಿನ ಎಂ.ಬಿ.ಯಲ್ಲಿ ಉದ್ದ 120 ಮೀಟರ್, ಅಗಲ 3, ದಪ್ಪ 0.15. ಅಂದರೆ 54 ಘನ ಮೀಟರ್ ಕಾಂಕ್ರೀಟು. ಆರ್‌ಟಿಐ ಕಾಯ್ದೆಯ 2(ಜೆ) ಕಾಗದಕ್ಕೆ ಮಾತ್ರ ಅಲ್ಲ, ಕಾಮಗಾರಿ ಪರಿಶೀಲನೆಗೂ ಹಕ್ಕು ಕೊಡುತ್ತೆ. ಅದರಲ್ಲಿ ಅರ್ಜಿ ಹಾಕಿ, ಮೇಲ್ಮನವಿ ಹೋಗಿ, ಕೊನೆಗೆ ಇಂಜಿನಿಯರ್ ಎದುರಿಗೇ ಅಳತೆ ಆಯಿತು. ಉದ್ದ 97. ಅಗಲ 2.8. ದಪ್ಪ ಆರು ಕಡೆ ನೋಡಿ ಸರಾಸರಿ ತೆಗೆದರೆ ಹನ್ನೊಂದೂವರೆ ಸೆಂಟಿಮೀಟರ್. ಒಟ್ಟು 31 ಘನ ಮೀಟರ್ ಚಿಲ್ಲರೆ.

ಅಳತೆಯ ಫೋಟೋ ಎಲ್ಲ ಓಪನ್ ಕ್ಯಾಮೆರಾ ಆಪ್‌ನಲ್ಲಿ ತೆಗೆದೆ, ಜಾಗ ಮತ್ತು ಸಮಯ ಚಿತ್ರದ ಮೇಲೇ ಬರುವ ಹಾಗೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಜಿಪಿಎಸ್ ವಿವರ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ.

ಗುಂಪಿನಲ್ಲಿ ಹಾಕಿದ ಕೂಡಲೇ ಜಗಳ. "ಇದು ನಮ್ಮ ಕಡೆಯವರ ಹೆಸರು ಕೆಡಿಸೋ ಆಟ" ಅಂತ ಒಂದು ಗುಂಪು. ನಾನು ಇದಕ್ಕೆ ತಯಾರಾಗೇ ಇದ್ದೆ. ಆಡಳಿತ ಬದಲಾಗುವ ಮುಂಚಿನ ಒಂದು ಕಾಮಗಾರಿ, ನಂತರದ ಒಂದು ಕಾಮಗಾರಿ, ಎರಡನ್ನೂ ಒಂದೇ ದಿನ, ಒಂದೇ ನಮೂನೆಯಲ್ಲಿ ಹಾಕಿದ್ದೆ. ನನ್ನ ನಿಯಮ ಇದು, ಎಂದೂ ಮುರಿದಿಲ್ಲ. ಒಂದೇ ಕಡೆಯದು ಹಾಕಿದರೆ ಅದು ಲೆಕ್ಕ ಆಗಲ್ಲ, ಪ್ರಚಾರ ಆಗುತ್ತೆ.

ಆದರೂ ಜಗಳ ನಿಲ್ಲಿಸಿದ್ದು ನಾನಲ್ಲ. ಆ ಕಾಮಗಾರಿ ಮಾಡಿಸಿದ ಮಾಜಿ ಅಧ್ಯಕ್ಷರ ಅಣ್ಣನ ಮಗ. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. "ಅಣ್ಣಾ, ನಿಮ್ಮ ಸ್ಕ್ರಿಪ್ಟಲ್ಲಿ ಏನಾದ್ರೂ ಕೈವಾಡ ಇದೆಯಾ ನಾನೇ ನೋಡ್ತೀನಿ" ಅಂದ. "ನೋಡಪ್ಪ" ಅಂದೆ. ಕೋಡ್ ಪೂರ್ತಿ ತೆರೆದೇ ಇತ್ತು. ಇಳಿಸಿಕೊಂಡ, ಓದಿದ, ಮೂಲ ಎಂ.ಬಿ. ಪುಟದ ಸ್ಕ್ಯಾನ್ ಪಕ್ಕ ಇಟ್ಟುಕೊಂಡು ತಾನೇ ಓಡಿಸಿದ. ಅಗಲದ ಬಗ್ಗೆ ತಕರಾರು ತೆಗೆದ. ಅಂಚು ಒಡೆದುಹೋಗಿದೆ, ಹಾಕುವಾಗ ಪೂರ್ತಿ 3 ಮೀಟರ್ ಇತ್ತು ಅಂತ. ಸರಿ, 3 ಅಂತಲೇ ಹಿಡಿ ಅಂದೆ. ಆಗಲೂ ಮೂವತ್ತಮೂರೂವರೆ ಘನ ಮೀಟರ್ ಬಂತು. ಇಪ್ಪತ್ತರ ಕೊರತೆ ಹಾಗೇ ಉಳಿಯಿತು. ಆ ಹುಡುಗನೇ ಗುಂಪಿನಲ್ಲಿ ಬರೆದ: "ಲೆಕ್ಕ ಸರಿ ಇದೆ." ಅಲ್ಲಿಗೆ ಮುಗಿಯಿತು. ನಾನು ನೂರು ಸಲ ಹೇಳಿದ್ದರೂ ಆ ಎರಡು ಮಾತಿನ ತೂಕ ಬರುತ್ತಿರಲಿಲ್ಲ. ಮಾರನೇ ವಾರ ಗುತ್ತಿಗೆದಾರರು ಜಲ್ಲಿ ಇಳಿಸಿದರು.

ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ) ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇದೇ. ಬಿಟ್ಟಿ ಸಿಗುತ್ತೆ ಅಂತ ಅಲ್ಲ. ನನ್ನನ್ನು ನಂಬದವನು ನನ್ನ ಲೆಕ್ಕವನ್ನು ತಾನೇ ಮಾಡಿ ನೋಡಬಹುದು ಅಂತ. ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸ್ ನೀತಿ ತಂದಿದೆ. 2020ರಲ್ಲಿ ಕೋವಿಡ್ ಆಪ್ ಆರೋಗ್ಯ ಸೇತುವಿನ ಆಂಡ್ರಾಯ್ಡ್ ಕೋಡ್ ತೆರೆದಾಗ ಯಾರು ಬೇಕಾದರೂ ನೋಡುವ ಹಾಗಾಯಿತು. ನಮ್ಮ ದುಡ್ಡಿನ ಬಿಲ್ಲು ಮಾಡುವ ತಂತ್ರಾಂಶಕ್ಕೂ ಅದೇ ನ್ಯಾಯ ಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ನನ್ನ ಕೋಡನ್ನು ಬೇರೆಯವರು ಬಳಸುವ ಲೈಸೆನ್ಸಿನ ಮೇಲೂ ಗೆಳೆಯರ ಜೊತೆ ದೊಡ್ಡ ಜಗಳ ಆಯಿತು. ಎಂಐಟಿ ಲೈಸೆನ್ಸ್ ಇಡು, ಬದಲಿಸಿದ ಕೋಡ್ ತೆರೆಯಲೇಬೇಕು ಅಂತ ಅದರಲ್ಲಿ ಇಲ್ಲ, ಎಲ್ಲರೂ ಬಳಸ್ತಾರೆ ಅಂದರು. ನಾನು ಎಜಿಪಿಎಲ್ ಇಟ್ಟೆ. ಆರು ತಿಂಗಳಿಗೆ ಒಂದು ಕಂಪನಿಯವರು ಬಂದರು. ಇದನ್ನೇ ಸ್ವಲ್ಪ ಬದಲಿಸಿ, ಕೋಡ್ ಮುಚ್ಚಿ, ಪಂಚಾಯಿತಿಗಳಿಗೆ ವರ್ಷದ ಬಾಡಿಗೆಗೆ ಕೊಡುವ ಯೋಚನೆ ಅವರದು. ಎಜಿಪಿಎಲ್‌ನಲ್ಲಿ ಸರ್ವರ್ ಮೇಲೆ ಓಡಿಸಿದರೂ ಬದಲಿಸಿದ ಕೋಡನ್ನು ಬಳಸುವವರಿಗೆ ಕೊಡಲೇಬೇಕು. ಅದು ಗೊತ್ತಾಗಿ ಸುಮ್ಮನಾದರು. ಗೆಳೆಯರು ಈಗ ಆ ಮಾತು ಎತ್ತುವುದಿಲ್ಲ.

ಜನರ ಹೆಸರು ಮಾತ್ರ ಹಾಕಬೇಡಿ. ಕೂಲಿಯವರದು, ಫಲಾನುಭವಿಗಳದು, ಯಾವುದೂ ಬೇಡ. 2023ರ ಡಿಪಿಡಿಪಿ (ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆ) ಕಾಯ್ದೆಯ 44(3) ಆರ್‌ಟಿಐನ 8(1)(ಜೆ)ಯನ್ನು ಬದಲಿಸಿದೆ. ವೈಯಕ್ತಿಕ ಮಾಹಿತಿ ಅಂದುಬಿಟ್ಟರೆ ಮುಗಿಯಿತು, ಅರ್ಜಿ ತಿರಸ್ಕಾರ. ಬದಲಾವಣೆ ತಪ್ಪು ಅನ್ನೋದು ನನ್ನ ಅಭಿಪ್ರಾಯ, ಆದರೆ ಕಾಂಕ್ರೀಟಿಗೆ ಹೆಸರಿಲ್ಲವಲ್ಲ. ಉದ್ದ, ಅಗಲ, ದಪ್ಪ ಕೇಳಿದರೆ ಈ ನೆಪ ನಡೆಯಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ಮೂರೂವರೆ ಸಾವಿರ, ಅರ್ಜಿ ಮತ್ತು ಝೆರಾಕ್ಸ್ ನಾಲ್ಕು ಸಾವಿರ, ಟೈಪಿಂಗಿಗೆ ಆರು ಸಾವಿರ, ಓಡಾಟಕ್ಕೆ ಒಂದೆರಡು ಸಾವಿರ. ಹದಿನೈದು ಹದಿನಾರು ಸಾವಿರದ ಒಳಗೆ ಮುಗಿದಿದೆ. ಇಂಥದ್ದೇ ಮಾಡಿಕೊಡಲು ಒಬ್ಬರು ನಮ್ಮ ಸಂಘಕ್ಕೆ 4 ಲಕ್ಷ ಹೇಳಿದ್ದರು.

ಈಗ ಕುಡಿಯುವ ನೀರಿನ ಪೈಪಿನ ಬಿಲ್ಲುಗಳಿಗೆ ಕೈ ಹಾಕಿದ್ದೇನೆ. ಅದು ರಸ್ತೆಯಷ್ಟು ಸುಲಭ ಅಲ್ಲ, ಪೈಪು ಮಣ್ಣಿನೊಳಗಿದೆ, ನಕ್ಷೆಯಲ್ಲಿ ಕಾಣಲ್ಲ. ವಾಲ್ವಿನಿಂದ ವಾಲ್ವಿಗೆ ಟೇಪ್ ಹಿಡಿದು, ಸರಬರಾಜಾದ ಪೈಪಿನ ಸಂಖ್ಯೆಗೆ ಹೋಲಿಸುವ ಒಂದು ದಾರಿ ಯೋಚಿಸಿದ್ದೇನೆ. ಪಕ್ಕದ ತಾಲ್ಲೂಕಿನ ಇಬ್ಬರು ತಮ್ಮ ಎಂ.ಬಿ. ಪುಟಗಳನ್ನು ಆಗಲೇ ಟೈಪ್ ಮಾಡಿಸುತ್ತಿದ್ದಾರೆ. ಅವರ ಪುಟ ಬಂದ ಮೇಲೆ ಎರಡೂ ಕಡೆಯದನ್ನು ಒಟ್ಟಿಗೆ ಓಡಿಸುತ್ತೇವೆ.