ಖಾರದ ಊಟಕ್ಕೆ ಒಗ್ಗುವ ಜಿನ್‌ಫ್ಯಾಂಡೆಲ್

ಕ್ಯಾಲಿಫೋರ್ನಿಯಾದ ಜಿನ್‌ಫ್ಯಾಂಡೆಲ್ ವೈನ್ ಕೊಳ್ಳುವಾಗ ನಾನು ಮೊದಲು ನೋಡುವುದು ಲೇಬಲ್ಲಿನ ಮೂಲೆಯ ಸಣ್ಣ ಅಕ್ಷರ. ಆಲ್ಕೋಹಾಲ್ ಎಷ್ಟು ಅಂತ. ಈ ದ್ರಾಕ್ಷಿಯ ಕೆಂಪು ವೈನ್‌ಗಳು ಶೇ. 15 ದಾಟುವುದು ಮಾಮೂಲಿ. ನನಗೆ ಬೇಕಾದ್ದು 14ರ ಆಸುಪಾಸಿನದು. ಕಾರಣ ನಮ್ಮ ಮನೆಯ ಅಡುಗೆ. ಆಲ್ಕೋಹಾಲ್ ಏರಿದಷ್ಟೂ ಮೆಣಸಿನಕಾಯಿಯ ಉರಿ ಜಾಸ್ತಿಯಾಗುತ್ತದೆ. ಕೋಳಿ ಸಾರಿನ ಜೊತೆ 15.5ರ ವೈನ್ ಕುಡಿದರೆ ಸಾರಿನ ರುಚಿಯೂ ಸಿಗುವುದಿಲ್ಲ, ವೈನಿನದೂ ಸಿಗುವುದಿಲ್ಲ.

ಹದವಾದ ಜಿನ್‌ಫ್ಯಾಂಡೆಲ್ ನನಗೆ ಸಿಕ್ಕಿದ್ದು ಸೊನೋಮಾದ ಡ್ರೈ ಕ್ರೀಕ್ ಕಣಿವೆಯ ಒಂದು ಪುಟ್ಟ ವೈನರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರಕ್ಕೆ ಹೋದರೆ ಹೀಲ್ಡ್ಸ್‌ಬರ್ಗ್ ಊರಿನ ಪಕ್ಕದಲ್ಲೇ ಈ ಕಣಿವೆ. ಅಲ್ಲಿ ತೋಟ ನೋಡಿಕೊಳ್ಳುವವರೂ ವೈನ್ ಮಾಡುವವರೂ ಒಂದೇ ಮನೆಯವರು. ಈ ದ್ರಾಕ್ಷಿಗೆ ಅದು ತುಂಬಾ ಮುಖ್ಯ.

ಯಾಕೆಂದರೆ ಜಿನ್‌ಫ್ಯಾಂಡೆಲ್ ಗೊಂಚಲು ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೇ ಗೊಂಚಲಲ್ಲಿ ಹಸಿರು ಕಾಯಿ, ಮಾಗಿದ ಹಣ್ಣು, ಒಣಗಿದ ದ್ರಾಕ್ಷಿ ಮೂರೂ ಇರುತ್ತವೆ. ಕಾಯಿ ಹಣ್ಣಾಗಲಿ ಎಂದು ಕಾದರೆ ಉಳಿದದ್ದು ಒಣಗುತ್ತದೆ, ಸಕ್ಕರೆ ಏರುತ್ತದೆ, ಅದೇ ಆಲ್ಕೋಹಾಲ್ ಆಗುತ್ತದೆ. ಒಣಗಿದ ಹಣ್ಣಿನ ಸಕ್ಕರೆ ರಸದಲ್ಲಿ ನೆನೆದ ಮೇಲೆ ನಿಧಾನವಾಗಿ ಬಿಡುವುದರಿಂದ ಮೊದಲ ದಿನದ ಅಳತೆಯನ್ನು ನಂಬುವಂತೆಯೂ ಇಲ್ಲ. ಇದಕ್ಕೆ ಕೈಗೆಲಸವೇ ದಾರಿ. ಹಣ್ಣು ಬಣ್ಣ ತಿರುಗುವಾಗ ಹಿಂದುಳಿದ ಹಸಿರು ಗೊಂಚಲುಗಳನ್ನು ಕತ್ತರಿಸಿ ಹಾಕಬೇಕು, ಕೊಯ್ದ ಮೇಲೆ ಮತ್ತೆ ಆರಿಸಬೇಕು. ತೋಟ ಚಿಕ್ಕದಿದ್ದರೆ ಇದನ್ನು ಶ್ರದ್ಧೆಯಿಂದ ಮಾಡಬಹುದು. ಆ ಶ್ರದ್ಧೆ ಲೋಟದಲ್ಲಿ ಗೊತ್ತಾಗುತ್ತದೆ. ಜಾಮಿನಂಥ ದಪ್ಪ ಸಿಹಿ ಇಲ್ಲ. ರಾಸ್ಪ್‌ಬೆರಿ, ಕರಿಮೆಣಸಿನ ಘಮ, ಕೊನೆಯಲ್ಲಿ ಚುರುಕಾದ ಹುಳಿ.

ಇದೇ ದ್ರಾಕ್ಷಿಯನ್ನು ಇಟಲಿಯ ಪುಲಿಯಾದಲ್ಲಿ ಪ್ರಿಮಿಟಿವೊ ಎನ್ನುತ್ತಾರೆ. ಮೂಲ ಕ್ರೊಯೇಷಿಯಾದ ಕರಾವಳಿ ಎಂಬುದು 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಖಚಿತವಾಯಿತು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗಲೂ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಜನ ಈ ಹಣ್ಣು ಕೊಳ್ಳುತ್ತಿದ್ದರು. ಹಾಗಾಗಿಯೇ ಎಷ್ಟೋ ಹಳೆಯ ಬಳ್ಳಿಗಳು ಉಳಿದುಕೊಂಡವು. ಆದರೆ ಲೇಬಲ್ ಮೇಲಿನ ‘ಓಲ್ಡ್ ವೈನ್’ (Old Vine, ಅಂದರೆ ಹಳೆಯ ಬಳ್ಳಿ) ಎಂಬ ಮಾತಿಗೆ ಅಲ್ಲಿನ ಕಾನೂನಿನಲ್ಲಿ ಇಷ್ಟೇ ವರ್ಷ ಎಂಬ ಲೆಕ್ಕವಿಲ್ಲ. ಅದನ್ನು ನೋಡಿ ದುಡ್ಡು ಜಾಸ್ತಿ ಕೊಡಬೇಡಿ. ಬಳ್ಳಿ ನೆಟ್ಟ ವರ್ಷ ಕೇಳಿ, ಸಣ್ಣ ವೈನರಿಯವರು ಖುಷಿಯಿಂದ ಹೇಳುತ್ತಾರೆ.

ನಾನು ತಂದ ಬಾಟಲಿಗೆ 30 ಡಾಲರ್ ಒಳಗೇ ಆಯಿತು. ಪಕ್ಕದ ನಾಪಾ ಕಣಿವೆಯ ಕ್ಯಾಬರ್ನೆ ದ್ರಾಕ್ಷಿಯ ಒಳ್ಳೆಯ ಕೆಂಪು ವೈನ್ ಆ ದುಡ್ಡಿಗೆ ಸಿಗುವುದು ಕಷ್ಟ. ಎಷ್ಟೋ ಕಡೆ ಬಾಟಲಿ ಕೊಂಡರೆ ರುಚಿ ನೋಡಿದ್ದರ ಶುಲ್ಕ ಬಿಡುತ್ತಾರೆ, ಮೊದಲೇ ವಿಚಾರಿಸಿ.

ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡುತ್ತೇನೆ. ಕೆಂಪು ವೈನ್ ಅಲ್ವಾ, ಹೊರಗೇ ಇರಲಿ ಎನ್ನುವವರಿದ್ದಾರೆ. ಬೆಚ್ಚಗಿದ್ದರೆ ಆಲ್ಕೋಹಾಲೇ ಮೂಗಿಗೆ ಬಡಿಯುತ್ತದೆ, 16 ಡಿಗ್ರಿ ಸುಮಾರಿಗೆ ಹಣ್ಣಿನ ಪರಿಮಳ ಮುಂದೆ ಬರುತ್ತದೆ.

ಜೊತೆಗೆ ನನ್ನ ಮೊದಲ ಆಯ್ಕೆ ಕೊಡಗಿನ ಪಂದಿ ಕರಿ. ಕಾಚಂಪುಳಿಯ ಹುಳಿ, ಕರಿಮೆಣಸು, ಕೊಬ್ಬು, ಮೂರಕ್ಕೂ ಈ ವೈನ್ ಹೊಂದುತ್ತದೆ. ಮಾಂಸ ತಿನ್ನದವರಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿ. ಹುರಿದ ಕಡಲೆಬೀಜ, ಎಳ್ಳಿನ ಜಿಡ್ಡು ವೈನಿನ ಒಗರನ್ನು ಚೆನ್ನಾಗಿ ಮೆತ್ತಗೆ ಮಾಡುತ್ತದೆ. ಬೆಲ್ಲ ಮಾತ್ರ ಕಡಿಮೆ ಹಾಕಿ. ಊಟ ಸಿಹಿಯಾದರೆ ವೈನ್ ಹುಳಿಹುಳಿ ಅನ್ನಿಸುತ್ತದೆ.