ಪಾಚಿ ಹಳದಿಯಾಗುವ ಮೊದಲು

ನೀಲಿ-ಹಸಿರು ಪಾಚಿಗೆ, ಅಂದರೆ ಸಯನೋಬ್ಯಾಕ್ಟೀರಿಯಾಕ್ಕೆ, ಸಾರಜನಕ ಕೊಡದೆ ಉಪವಾಸ ಕೆಡವಿದರೆ ಏನಾಗುತ್ತದೆ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ನಾನು ಬೆಳೆಸುತ್ತಿದ್ದ ಸಿನೆಕೊಸಿಸ್ಟಿಸ್ 6803 ತಳಿ ಸಾರಜನಕದ ಮೂಲವಾದ ನೈಟ್ರೇಟ್ ಇಲ್ಲದ ಬಿಜಿ-11 ಎಂಬ ಪೋಷಕ ದ್ರಾವಣದಲ್ಲಿ ಎರಡು ದಿನಕ್ಕೆಲ್ಲ ಹಳದಿಗೆ ತಿರುಗುತ್ತಿತ್ತು. ಬೆಳಕು ಹಿಡಿಯುವ ಫೈಕೋಬಿಲಿಸೋಮ್‌ಗಳನ್ನೇ ಒಡೆದು ಆ ಪ್ರೋಟೀನಿನಲ್ಲಿ ಜೀವಕೋಶ ದಿನ ದೂಡುತ್ತದೆ; ಸೂರಿನ ತೊಲೆ ಇಳಿಸಿ ಒಲೆಗೆ ಹಾಕಿದ ಹಾಗೆ. ಹೀರಿಕೆಯ ನಕ್ಷೆಯಲ್ಲಿ 625 ನ್ಯಾನೋಮೀಟರ್ ಬಳಿಯ ಅವುಗಳ ಉಬ್ಬು ದಿನೇದಿನೇ ತಗ್ಗುವುದನ್ನು ನೋಡುತ್ತಾ ಕೂರುವುದೇ ಒಂದು ಚಟವಾಗಿತ್ತು.

ಆ ಚಟವೇ ದಾರಿ ತಪ್ಪಿಸಿತು. ಹಸಿದಾಗ ಯಾವ ಜೀನ್ ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಅಳೆಯಲು ಹೊರಟವನು ಬಣ್ಣ ನೋಡಿ 24 ಗಂಟೆಗೆ ಮೊದಲ ಮಾದರಿ ತೆಗೆದೆ. ಯಾವ ಜೀನ್ ನಕಲಾಗಬೇಕು, ಯಾವುದು ನಿಲ್ಲಬೇಕು ಎಂಬ ತೀರ್ಮಾನ ಅಷ್ಟರಲ್ಲಿ ಎಂದೋ ಆಗಿಹೋಗಿರುತ್ತದೆ. ಆಮೇಲೆ ಅರ್ಧ, ಒಂದು, ಮೂರು, ಆರು ಗಂಟೆಗಳಿಗೆ ಇಳಿದೆ. ಆಗ ನೂರಾರು ಜೀನ್‌ಗಳು ಏರಿಳಿದದ್ದು ಕಂಡು ಒಂದು ವಾರ ಹಿಗ್ಗಿದ್ದೂ ಆಯಿತು. ನಿಜ ಹೊರಬಂದದ್ದು ಟಿಪ್ಪಣಿ ಪುಸ್ತಕ ತಿರುವಿದಾಗ: ಉಪವಾಸದ ಕೋಶಗಳನ್ನು ಸೆಂಟ್ರಿಫ್ಯೂಜಿನ ಕತ್ತಲಲ್ಲಿ ತಿರುಗಿಸಿ ಎರಡು ಸಲ ತೊಳೆದಿದ್ದೆ, ಮುಕ್ಕಾಲು ಗಂಟೆ, ಹೋಲಿಕೆಯ ಕೋಶಗಳನ್ನು ಮುಟ್ಟಿಯೂ ಇರಲಿಲ್ಲ. ದ್ಯುತಿಸಂಶ್ಲೇಷಣೆಯಿಂದ ಬದುಕುವ ಜೀವಿಗೆ ಕತ್ತಲೆಂಬುದು ಹಸಿವಿಗಿಂತ ಸಣ್ಣ ಸುದ್ದಿಯೇನಲ್ಲ. ನಾನು ಅಳೆದದ್ದು ಬಹುಪಾಲು ಕತ್ತಲನ್ನು.

ಈಗ ಒಂದೇ ಫ್ಲಾಸ್ಕಿನದನ್ನು ಎರಡು ಪಾಲು ಮಾಡಿ, ಎರಡನ್ನೂ ಬೆಳಕಿನಲ್ಲೇ ಪೊರೆಯ ಮೇಲೆ ಸೋಸಿ ತೊಳೆಯುತ್ತೇನೆ. ಒಂದು ಪಾಲು ಮತ್ತೆ ನೈಟ್ರೇಟಿಗೇ ಹೋಗುತ್ತದೆ. ಮಾದರಿಯನ್ನೂ ಸೋಸಿ, ಪೊರೆಯ ಸಮೇತ ದ್ರವ ಸಾರಜನಕಕ್ಕೆ ಹಾಕುತ್ತೇನೆ. ಉಳಿದ ಜೀನ್‌ಗಳ ಏರಿಳಿತವನ್ನು ಹೋಲಿಸಿ ನೋಡುವ ಅಳತೆಗೋಲಾಗಿ ಆರ್‌ಎನ್‌ಪಿಬಿ ಜೀನನ್ನು ಇಟ್ಟುಕೊಂಡಿದ್ದೇನೆ.

ಹೀಗೆ ಮಾಡಿದ ಮೇಲೆ ಗದ್ದಲ ಅಡಗಿ ಎರಡು ಗೆರೆ ಉಳಿದವು: ಸಾರಜನಕವನ್ನು ಜೀವಕೋಶದ ಬಳಕೆಗೆ ತರುವ ಗ್ಲುಟಮಿನ್ ಸಿಂಥೆಟೇಸ್ ಕಿಣ್ವವನ್ನು ತಯಾರಿಸುವ ಜಿಎಲ್‌ಎನ್‌ಎ ಜೀನ್ ಏರುತ್ತದೆ, ಅದೇ ಕಿಣ್ವಕ್ಕೆ ಲಗಾಮು ಹಾಕುವ ಜಿಐಎಫ್‌ಎ ಜೀನ್ ಇಳಿಯುತ್ತದೆ. ಎರಡರ ಹಿಂದೆಯೂ ಇರುವುದು ಎನ್‌ಟಿಸಿಎ ಎಂಬ ಒಂದೇ ಪ್ರೋಟೀನ್. ಅದು ಡಿಎನ್‌ಎಯಲ್ಲಿ ಜಿಟಿಎ, ಎಂಟು ಅಕ್ಷರಗಳ ಅಂತರ, ಮತ್ತೆ ಟಿಎಸಿ ಎಂಬ ಗುರುತನ್ನು ಹುಡುಕುತ್ತದೆ. ಗುರುತು ನಕಲು ಶುರುವಾಗುವ ಸ್ಥಾನಕ್ಕಿಂತ ಸುಮಾರು 41 ಅಕ್ಷರ ಹಿಂದಿದ್ದರೆ ಎನ್‌ಟಿಸಿಎ, ಜೀನನ್ನು ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸನ್ನು ಕರೆದು ಕೂರಿಸುತ್ತದೆ. ಪಾಲಿಮರೇಸ್ ಕೂರಬೇಕಾದ ಜಾಗದಲ್ಲೇ ಇದ್ದರೆ ದಾರಿ ಕಟ್ಟುತ್ತದೆ.

ಹಸಿವಿನ ಸುದ್ದಿ ತಲುಪುವ ಬಗೆ ನನಗೆ ಬಹಳ ಇಷ್ಟ. ಇಂಗಾಲ ಒಳಬರುತ್ತಲೇ ಇದ್ದು, ಅದಕ್ಕೆ ಸೇರಬೇಕಾದ ಸಾರಜನಕ ಬಾರದಿದ್ದಾಗ 2-ಆಕ್ಸೋಗ್ಲುಟರೇಟ್ ಎಂಬ ಇಂಗಾಲದ ಅಣು ಗುಡ್ಡೆ ಬೀಳುತ್ತದೆ. ಅದು ಎನ್‌ಟಿಸಿಎಗೆ ಅಂಟಿ ಬಲ ಕೊಡುತ್ತದೆ. ಪಿ-ಟು ಎಂಬ ಇನ್ನೊಂದು ಪ್ರೋಟೀನಿಗೂ ಅಂಟಿ, ಆ ಪಿ-ಟು ಹಿಡಿದಿಟ್ಟುಕೊಂಡ ಪಿಐಪಿಎಕ್ಸ್ ಎಂಬ ಸಹಾಯಕ ಪ್ರೋಟೀನನ್ನು ಬಿಡಿಸುತ್ತದೆ. ಬಿಡುಗಡೆಯಾದ ಪಿಐಪಿಎಕ್ಸ್ ನೇರ ಎನ್‌ಟಿಸಿಎ ಜೊತೆ ಕೈಜೋಡಿಸುತ್ತದೆ.

ಹಳದಿಯಾದ ಫ್ಲಾಸ್ಕನ್ನು ಚೆಲ್ಲಬೇಡಿ. ನೈಟ್ರೇಟ್ ಹಾಕಿದರೆ ಎರಡು ದಿನದಲ್ಲಿ ಮತ್ತೆ ಹಸಿರಾಗುತ್ತದೆ. ಆ ಮರಳುವಿಕೆಯ ಮೊದಲ ಮಾದರಿಯನ್ನು ನಾನೀಗ ಐದನೆಯ ನಿಮಿಷಕ್ಕೇ ತೆಗೆಯುತ್ತೇನೆ.