ತೊಡೆಮೂಳೆ ಗಿಡ್ಡವೆಂದು ಸ್ಕ್ಯಾನ್ ವರದಿ ಬಂದಾಗ ಮಾಸಿನ ಕಡೆಗೂ ನೋಡಿ

ಐದನೇ ತಿಂಗಳ ಸ್ಕ್ಯಾನ್ ವರದಿಯಲ್ಲಿ ‘ಎಫ್.ಎಲ್.’ ಎಂದಿರುವುದು ಮಗುವಿನ ತೊಡೆಮೂಳೆಯ ಉದ್ದ. 20 ವಾರಕ್ಕೆ ಅದು ಸುಮಾರು 33 ಮಿ.ಮೀ. ಇರುತ್ತದೆ, 27 ಎಂದಿದ್ದರೆ ಪಕ್ಕದಲ್ಲಿ 18 ವಾರದ ಆಸುಪಾಸಿನ ವಯಸ್ಸು ಅಚ್ಚಾಗಿರುತ್ತದೆ. ಅದನ್ನು ಕಂಡು ಮನೆಯವರು ಕಂಗಾಲಾಗುವುದು ಸಹಜವಾದರೂ ಆ ಒಂದೇ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಬಾರದು.

ಮೊದಲು ತಾಯಿ ಕಾರ್ಡಿನಲ್ಲಿರುವ ಕೊನೆಯ ಮುಟ್ಟಿನ ದಿನಾಂಕವನ್ನು ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿನೊಂದಿಗೆ ತಾಳೆ ನೋಡಿ. ತಲೆ, ಹೊಟ್ಟೆ, ಮೂಳೆ ಮೂರೂ ಒಂದೇ ಪ್ರಮಾಣದಲ್ಲಿ ಹಿಂದಿದ್ದರೆ ದಿನಾಂಕವೇ ತಪ್ಪಿರಬಹುದು. ತಂದೆತಾಯಿಯ ಎತ್ತರವನ್ನೂ ವೈದ್ಯರಿಗೆ ತಿಳಿಸಿ.

ದಿನಾಂಕ ಸರಿಯಿದ್ದರೆ ಮಾಸಿನ (ಪ್ಲಾಸೆಂಟಾ) ಬಗ್ಗೆ ಕೇಳಲೇಬೇಕು. ಮಾಸಿಗೆ ತಾಯಿಯ ರಕ್ತ ಸಾಕಷ್ಟು ಹರಿಯದಿದ್ದಾಗ ಮಗುವಿಗೆ ಆಮ್ಲಜನಕವೂ ಪೋಷಕಾಂಶಗಳೂ ಕಡಿಮೆಯಾಗುತ್ತವೆ. ಮಗುವಿನ ದೇಹ ಸಿಕ್ಕ ರಕ್ತವನ್ನು ಮಿದುಳಿಗೆ ಮೀಸಲಿಡುವುದರಿಂದ ಮೂಳೆಯ ತುದಿಯ ಮೃದ್ವಸ್ಥಿಯಲ್ಲಿ ಹೊಸ ಕೋಶಗಳು ಹುಟ್ಟುವ ವೇಗ ತಗ್ಗುತ್ತದೆ. ಮೂಳೆ ಗಟ್ಟಿಯಾಗಲು ಬೇಕಾದ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಕೂಡ ಮಾಸಿನ ಮೂಲಕವೇ ಬರಬೇಕು, ಅದರಲ್ಲಿ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಕೆಲವರಲ್ಲಿ ಗಿಡ್ಡ ತೊಡೆಮೂಳೆಯೇ ಮೊದಲ ಸೂಚನೆಯಾಗಿದ್ದು, ಮಗುವಿನ ತೂಕ ಕುಂಠಿತವಾಗುವುದು, ತಾಯಿಯ ಬಿ.ಪಿ. ಏರುವುದು ವಾರಗಟ್ಟಲೆ ತಡವಾಗಿ ಕಾಣುತ್ತದೆ. ಆದ್ದರಿಂದ ‘ಮಿಕ್ಕದ್ದೆಲ್ಲ ಸರಿಯಿದೆ’ ಎಂಬ ಮಾತಿಗೆ ಸುಮ್ಮನಾಗದೆ, ಎರಡು ಮೂರು ವಾರದಲ್ಲಿ ಮರುಸ್ಕ್ಯಾನ್ ಯಾವಾಗ, ಡಾಪ್ಲರ್ ಬೇಕೇ ಎಂದು ಕೇಳಿ. ಹೊಕ್ಕುಳಬಳ್ಳಿಯ ರಕ್ತಹರಿವನ್ನು ಡಾಪ್ಲರ್ ತೋರಿಸುತ್ತದೆ. ಮದ್ದೂರು, ನಂಜನಗೂಡಿನ ಕಡೆಯವರು ಹತ್ತಿರದಲ್ಲಿ ಅದಕ್ಕೆ ಅನುಕೂಲವಿಲ್ಲದಿದ್ದರೆ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಚೀಟಿ ಬರೆಸಿಕೊಂಡು, ಹಳೆಯ ವರದಿಗಳನ್ನೆಲ್ಲ ಕೊಂಡೊಯ್ಯುವುದು ಒಳ್ಳೆಯದು.

ಮೂಳೆಯದೇ ಹುಟ್ಟುರೋಗವಾದರೆ ಚಿತ್ರ ಬೇರೆ. ಅಲ್ಲಿ ತೊಡೆಮೂಳೆ ತೀರಾ ಗಿಡ್ಡವಾಗಿ, ಕೆಲವೊಮ್ಮೆ ಬಾಗಿ ಅಥವಾ ಮುರಿದು ಕಾಣುತ್ತದೆ, ಎದೆಗೂಡು ಕಿರಿದಾಗಿರಬಹುದು, ಡಾಪ್ಲರ್ ಮಾತ್ರ ಸಾಮಾನ್ಯವಾಗಿ ಸರಿಯಿರುತ್ತದೆ. ತೊಡೆಮೂಳೆಯ ಉದ್ದವನ್ನು ಹೊಟ್ಟೆಯ ಸುತ್ತಳತೆಯಿಂದ ಭಾಗಿಸಿದಾಗ 0.16ಕ್ಕಿಂತ ಕಡಿಮೆ ಬಂದರೆ ತೀವ್ರ ರೋಗದ ಶಂಕೆ ಬಲವಾಗುತ್ತದೆ. ಡೌನ್ ಸಿಂಡ್ರೋಮ್‌ನಂತಹ ವರ್ಣತಂತು ದೋಷಗಳಲ್ಲೂ ಮೂಳೆ ಗಿಡ್ಡವಿರಬಹುದು. ಅದಕ್ಕೆ ತಳಿ ಪರೀಕ್ಷೆಯ ಸಲಹೆ ಪಡೆಯಬೇಕು. ಲೈಂಗಿಕವಾಗಿ ಹರಡುವ ಸಿಫಿಲಿಸ್ ಸೋಂಕು ಮಾಸನ್ನು ದಪ್ಪವಾಗಿಸಿ ಮೂಳೆಗೂ ಹಾನಿ ಮಾಡುವುದರಿಂದ ಅದನ್ನು ಪತ್ತೆಹಚ್ಚುವ ವಿ.ಡಿ.ಆರ್.ಎಲ್. ರಕ್ತಪರೀಕ್ಷೆ ತಪ್ಪಿಸಬೇಡಿ, ಆ ಸೋಂಕಿಗೆ ಪೆನಿಸಿಲಿನ್ ಚಿಕಿತ್ಸೆಯಿದೆ.

ಮಗುವಿನ ಅಲುಗಾಟ ಕಡಿಮೆಯಾದರೆ, ತಲೆನೋವು ಬಂದರೆ, ಕಣ್ಣು ಮಂಜಾದರೆ ಮುಂದಿನ ತಪಾಸಣೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಹೆರಿಗೆಗೆ ಮುಂಚೆಯೇ ಇನ್ನೊಂದು ಮಾತನ್ನು ವೈದ್ಯರಿಗೆ ಹೇಳಿಡಿ. ಮಾಸನ್ನು ಮನೆಯವರು ಹೂಳಲು ಒಯ್ಯುವ ಮುನ್ನ, ಪ್ರಯೋಗಾಲಯದ ಪರೀಕ್ಷೆಗೆ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟು ಕಳುಹಿಸಲು ಕೋರಿ. ಮಗು ಉಳಿಯದೆ ಹೋದರೆ, ಆ ದುಃಖದಲ್ಲಿ ಇದನ್ನು ಕೇಳುವುದು ಎಷ್ಟು ಕಷ್ಟವೆಂದು ಬಲ್ಲೆ, ಆದರೂ ಮಗುವಿನ ಮೂಳೆಗಳ ಎಕ್ಸ್-ರೇ ತೆಗೆಸಿ. ಬೆಳವಣಿಗೆ ನಿಂತ ಕಾಲವನ್ನು ತೋರುವ ಅಡ್ಡಗೆರೆಗಳು ಅದರಲ್ಲಿ ಕಾಣಬಹುದು. ಕಾರಣ ಮಾಸಿನದೆಂದು ಗೊತ್ತಾದರೆ ಮುಂದಿನ ಬಸಿರಿನಲ್ಲಿ 16 ವಾರದೊಳಗೇ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸಬೇಕೇ ಎಂಬುದನ್ನು ವೈದ್ಯರು ಆ ವರದಿ ನೋಡಿ ನಿರ್ಧರಿಸುತ್ತಾರೆ.